ಓರೆಹಲಗೆಯ ಮೇಲಿನ ಗುಂಡು

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗೋಡೆಗೆ ಒರಗಿಸಿಟ್ಟಿದ್ದ ಓರೆಹಲಗೆ. 2 ಮೀಟರ್ ಉದ್ದ, ನಡುವೆ 15 ಮಿಲಿಮೀಟರ್ ಅಗಲದ ಜಾಡು, ಜೊತೆಗೆ 25 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಗುಂಡು. ಅದೇ ವರ್ಷ ತತ್ತ್ವಶಾಸ್ತ್ರದ ತರಗತಿಯಲ್ಲಿ ಅರಿಸ್ಟಾಟಲನ ಪಾಠ ನಡೆದಿತ್ತು. ವೇಳಾಪಟ್ಟಿಯಲ್ಲಿ ಅವೆರಡೂ ಬೇರೆ ಬೇರೆ ವಿಷಯ. ಆದರೆ ಮನುಷ್ಯ ಲೋಕವನ್ನು ಅರಿಯುವ ರೀತಿ ಹೇಗೆ ಬದಲಾಯಿತು ಎಂದು ಇಂದಿನ ವಿದ್ಯಾರ್ಥಿಗಳು ಕೇಳಿದರೆ, ನಾನು ಆ ಹಲಗೆಯ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ.

ಭಾರ ಹೆಚ್ಚಿದಷ್ಟೂ ವಸ್ತು ಬೇಗ ಬೀಳುತ್ತದೆ ಎಂಬುದು ಅರಿಸ್ಟಾಟಲನ ಮಾತು. ಅದನ್ನು ಪೆದ್ದುತನ ಎಂದು ತಳ್ಳಿಹಾಕುವುದು ಅನ್ಯಾಯ. ಗರಿಯನ್ನೂ ಕಲ್ಲನ್ನೂ ಕೈಬಿಟ್ಟು ನೋಡಿದವರಿಗೆ ಕಾಣುವುದು ಅದೇ. ಆರನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ತತ್ತ್ವಜ್ಞಾನಿ ಫಿಲೊಪೋನಸ್ ಇದಕ್ಕೆ ತಕರಾರು ಎತ್ತಿದ್ದ: ಭಾರದಲ್ಲಿ ಬಹಳ ವ್ಯತ್ಯಾಸವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೂ ಬೀಳುವ ಹೊತ್ತಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ ಎಂದು. ಗೆಲಿಲಿಯೋ ಆ ವಾದವನ್ನು ಕೊನೆಮುಟ್ಟಿಸಿದ. ದೊಡ್ಡ ಕಲ್ಲಿಗೆ ಸಣ್ಣ ಕಲ್ಲನ್ನು ಕಟ್ಟಿ ಬಿಡಿ. ನಿಧಾನವಾಗಿ ಬೀಳುವ ಸಣ್ಣದು ದೊಡ್ಡದನ್ನು ಹಿಂದಕ್ಕೆ ಎಳೆಯಬೇಕು, ಹಾಗಾಗಿ ವೇಗ ಕಡಿಮೆಯಾಗಬೇಕು. ಎರಡೂ ಸೇರಿ ಭಾರ ಹೆಚ್ಚಾಯಿತಲ್ಲ, ಹಾಗಾಗಿ ವೇಗ ಹೆಚ್ಚಲೂಬೇಕು. ಒಂದೇ ನಿಯಮದಿಂದ ಎರಡು ವಿರುದ್ಧ ಉತ್ತರ! ಇಲ್ಲಿಯವರೆಗೆ ಯಾವ ಉಪಕರಣವೂ ಬೇಕಾಗಲಿಲ್ಲ, ಬರೀ ತರ್ಕ.

ಆದರೆ ತರ್ಕ ಹಳೆಯದನ್ನು ಕೆಡವಿತೇ ಹೊರತು ಹೊಸ ನಿಯಮ ಯಾವುದೆಂದು ಹೇಳಲಿಲ್ಲ. ಬೀಳುವ ವೇಗ ಕ್ರಮಿಸಿದ ದೂರಕ್ಕೆ ತಕ್ಕಂತೆ ಏರುತ್ತದೆಯೋ, ಕಳೆದ ಕಾಲಕ್ಕೆ ತಕ್ಕಂತೆಯೋ? ಎರಡೂ ಕೇಳಲು ಸರಿಯಾಗಿಯೇ ಇವೆ. 1604ರಲ್ಲಿ ಗೆಲಿಲಿಯೋ ಕೂಡ ಮೊದಲನೆಯದನ್ನೇ ನಂಬಿದ್ದ. ಬಿಡಿಸಿಕೊಳ್ಳಲು ಅಳೆಯಬೇಕು, ಅಳೆಯಲು ಪುರುಸೊತ್ತಿಲ್ಲ: 2 ಮೀಟರ್ ಬೀಳಲು ಹಿಡಿಯುವುದು 0.64 ಸೆಕೆಂಡು, ನಾಡಿಯ ಒಂದು ಬಡಿತದಷ್ಟೂ ಇಲ್ಲ. ಅದಕ್ಕೇ ಅವನು ಬೀಳುವಿಕೆಯನ್ನೇ ನಿಧಾನ ಮಾಡಿದ. 1638ರಲ್ಲಿ ಅಚ್ಚಾದ ವಿವರಣೆ ಹೀಗಿದೆ: ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರ ಅಂಚಿನಲ್ಲಿ ಬೆರಳಿಗಿಂತ ತುಸು ಅಗಲದ ನೇರ ಜಾಡು, ಜಾಡಿನೊಳಗೆ ನುಣ್ಣಗೆ ಉಜ್ಜಿದ ಚರ್ಮಪತ್ರ, ಮೇಲೆ ಕಂಚಿನ ಗುಂಡು. ಗಡಿಯಾರದ ಬದಲು ನೀರಿನ ದೊಡ್ಡ ಪಾತ್ರೆ. ತಳದ ಸಣ್ಣ ಕೊಳವೆಯಿಂದ, ಗುಂಡು ಇಳಿಯುವಷ್ಟು ಹೊತ್ತು ಸುರಿದ ನೀರನ್ನು ಹಿಡಿದು ತೂಗುವುದು. ಕಾಲುಭಾಗ ದೂರಕ್ಕೆ ಸರಿಯಾಗಿ ಅರ್ಧ ಕಾಲ. ಅಂದರೆ ವೇಗ ಏರುವುದು ಕಳೆದ ಕಾಲಕ್ಕೆ ತಕ್ಕಂತೆ. ನೂರು ಸಲ ಮಾಡಿದೆ ಎನ್ನುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಕೊಯ್ರೆಯಂಥ ಇತಿಹಾಸಕಾರರು ಇದನ್ನು ನಂಬಲಿಲ್ಲ. 1961ರಲ್ಲಿ ಥಾಮಸ್ ಸೆಟಲ್ ಅದೇ ಬಗೆಯ ತೊಲೆ, ಗುಂಡು, ನೀರು ಇಟ್ಟುಕೊಂಡು ಮಾಡಿ ತೋರಿಸಿದ ಮೇಲೆ ಆ ಅನುಮಾನ ಉಳಿಯಲಿಲ್ಲ.

ಈಗ ಮಾಡುವವರಿಗಾಗಿ. ಹಲಗೆಯ ಒಂದು ತುದಿಯನ್ನು 10 ಸೆಂಟಿಮೀಟರ್ ಎತ್ತಿ. ಎರಡೇ ತುದಿಗೆ ಆಧಾರ ಕೊಟ್ಟರೆ ನಡು ಬಾಗುತ್ತದೆ, ಗುಂಡು ಮೊದಲು ಬೇಗ ಓಡಿ ಕೊನೆಗೆ ತಡವರಿಸುತ್ತದೆ. ನಡುವೆಯೂ ಆಧಾರ ಕೊಟ್ಟು, ನೇರ ಅಳತೆಪಟ್ಟಿ ಇಟ್ಟು ನೋಡಿ. ಮೇಜು ಮಟ್ಟವಾಗಿದೆಯೇ ಎಂದು ರಸಮಟ್ಟದಿಂದ ಮೊದಲೇ ನೋಡಿಕೊಂಡಿರಬೇಕು. ಗುಂಡನ್ನು ಬೆರಳಿಂದ ಬಿಡಬೇಡಿ, ಗೊತ್ತಿಲ್ಲದೆ ತಳ್ಳಿಬಿಡುತ್ತೇವೆ. ಗುಂಡಿನ ಮುಂದೆ ಅಡ್ಡ ಹಿಡಿದ ಪಟ್ಟಿಯನ್ನು ಇಳಿಜಾರಿನ ದಿಕ್ಕಿಗೇ ಸರಕ್ಕನೆ ತೆಗೆಯಿರಿ. ಪೂರ್ತಿ 2 ಮೀಟರಿಗೆ 3.64 ಸೆಕೆಂಡು, ಅರ್ಧ ಮೀಟರಿಗೆ 1.82 ಸೆಕೆಂಡಿನ ಆಸುಪಾಸು ಬರಬೇಕು. ಸ್ಟಾಪ್‌ವಾಚಿನ ಮೇಲಿನ ಕೈ ಸುಮಾರು 0.2 ಸೆಕೆಂಡು ತಡಮಾಡುತ್ತದೆ, ಆ ತಡವೂ ಸಲಸಲಕ್ಕೆ ಬದಲಾಗುತ್ತದೆ, ಅದಕ್ಕೇ ಹತ್ತು ಸಲ ಮಾಡಿ ಸರಾಸರಿ ತೆಗೆಯುವುದು. ನೀರಿನಿಂದ ಅಳೆಯುವುದಾದರೆ ಅಗಲ ಬಾಯಿಯ ಪಾತ್ರೆಯೇ ಬೇಕು. ಸಣ್ಣ ಪಾತ್ರೆಯಲ್ಲಿ ಮಟ್ಟ ಬೇಗ ಇಳಿದು ಧಾರೆ ಸಣ್ಣದಾಗುತ್ತದೆ.

ಅನುಪಾತ ಸೊಗಸಾಗಿ ಬರುತ್ತದೆ. ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಏರುತ್ತದೆ ಎಂದು ಲೆಕ್ಕ ಹಾಕಿದಾಗ ಮಾತ್ರ ತೊಡಕು: 9.8 ಬರಬೇಕಾದಲ್ಲಿ 6.0 ಬರುತ್ತದೆ! ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ 'ಘರ್ಷಣೆಯಿಂದಾದ ದೋಷ' ಎಂದು ಬರೆದು ಮುಗಿಸುವ ಜಾಗ ಇದು.

ಕಾರಣ ಅದಲ್ಲ. ಗುಂಡು ಇಳಿದರಷ್ಟೇ ಸಾಲದು, ಉರುಳಲೂ ಬೇಕು. ಚಪ್ಪಟೆ ಹಲಗೆಯ ಮೇಲಾದರೆ ಅದರ ಶಕ್ತಿಯಲ್ಲಿ 2/7 ಭಾಗ ತಿರುಗುವುದಕ್ಕೇ ಹೋಗಿ, 9.8ರ 5/7, ಅಂದರೆ 7.0 ಉಳಿಯುತ್ತದೆ. ಜಾಡಿನಲ್ಲಿ ಇನ್ನೂ ಕಡಿಮೆ. ಗುಂಡು ಜಾಡಿನ ಎರಡು ಅಂಚುಗಳ ಮೇಲೆ ಕೂತಿರುವುದರಿಂದ ಉರುಳುವ ತ್ರಿಜ್ಯ 12.5 ಅಲ್ಲ, 10 ಮಿಲಿಮೀಟರ್. ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು. ಲೆಕ್ಕ ಹಾಕಿದರೆ 6.03. ಗೆಲಿಲಿಯೋಗೆ ಇದು ಯಾವುದೂ ಗೊತ್ತಿರಲಿಲ್ಲ. ಆದರೂ ಅವನ ನಿಯಮಕ್ಕೆ ಧಕ್ಕೆಯಾಗಲಿಲ್ಲ, ಏಕೆಂದರೆ ಅವನು ಕೇಳಿದ್ದು 'ಎಷ್ಟು' ಎಂದಲ್ಲ, 'ಯಾವ ಪ್ರಮಾಣದಲ್ಲಿ' ಎಂದು. ಉರುಳುವಿಕೆ ಎಲ್ಲ ದೂರದ ಓಟವನ್ನೂ ಒಂದೇ ಪ್ರಮಾಣದಲ್ಲಿ ನಿಧಾನ ಮಾಡುತ್ತದೆ, ಅನುಪಾತ ಹಾಗೇ ಉಳಿಯುತ್ತದೆ. ತನಗೆ ತಿಳಿಯದ ಸಂಗತಿಯೂ ಕೆಡಿಸಲಾಗದಂಥ ಪ್ರಶ್ನೆ ಅದು. ಆ ಕಾಲದ ಬದಲಾವಣೆಯಲ್ಲಿ ದೂರದರ್ಶಕಕ್ಕಿಂತಲೂ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.

ನೂರು ಸಲ ಮಾಡಿದ್ದು ನೂರಾಒಂದನೆಯ ಸಲಕ್ಕೆ ಸಾಕ್ಷಿಯೇ? ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ಎತ್ತಿದ ಈ ಪ್ರಶ್ನೆಯನ್ನು ಚಾರ್ವಾಕರು ಅದಕ್ಕೂ ಬಹಳ ಹಿಂದೆಯೇ ಕೇಳಿದ್ದರು: ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಎಂಬ ವ್ಯಾಪ್ತಿಯನ್ನು ಕಂಡವರು ಯಾರು? ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಅದಕ್ಕೆ ಕೊಟ್ಟ ಉತ್ತರಗಳಲ್ಲಿ ಪ್ರಯೋಗಾಲಯಕ್ಕೆ ಒದಗುವುದು 'ಉಪಾಧಿ' ಎಂಬ ವಿಚಾರ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರದು, ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ. ಆ ಹಸಿತನವೇ ಉಪಾಧಿ, ಮರೆಯಲ್ಲಿರುವ ಷರತ್ತು. ನಮ್ಮ 6.0ಕ್ಕೆ ಜಾಡಿನ ಅಗಲವೇ ಉಪಾಧಿ.

ಆದರೆ ಮರೆಯ ಷರತ್ತು ಇದೆ ಎನ್ನುವುದು ಸುಲಭ. ಯುರೇನಸ್ ಲೆಕ್ಕ ತಪ್ಪಿ ಚಲಿಸುತ್ತಿದ್ದಾಗ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ನ್ಯೂಟನ್ನನ ನಿಯಮವನ್ನು ಬಿಡದೆ, ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಖಗೋಳಜ್ಞ ಗಾಲೆ ನೋಡಿದರೆ, ಅವನು ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಇತ್ತು. ಬುಧನ ಕಕ್ಷೆ ಲೆಕ್ಕಕ್ಕೆ ಸಿಗದಿದ್ದಾಗ, 1859ರಲ್ಲಿ, ಅವನು ಮತ್ತೆ ಅದೇ ದಾರಿ ಹಿಡಿದ. ಸೂರ್ಯನ ಸಮೀಪದ ಆ ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು. ಗ್ರಹಣಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಶತಮಾನಕ್ಕೆ 43 ಆರ್ಕ್ ಸೆಕೆಂಡಿನ (ಒಂದು ಆರ್ಕ್ ಸೆಕೆಂಡು ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ಆ ವ್ಯತ್ಯಾಸಕ್ಕೆ ಲೆಕ್ಕ ಸಿಕ್ಕಿದ್ದು 1915ರಲ್ಲಿ, ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿದಾಗ. ಒಂದೇ ಜಾಣ್ಮೆ ಒಮ್ಮೆ ಫಲಿಸಿತು, ಒಮ್ಮೆ ಸೋತಿತು. ಎರಡು ಸಲವೂ ಅವನು ಹುಡುಕಿ ನೋಡಬಹುದಾದ ವಸ್ತುವನ್ನೇ ಮುಂದಿಟ್ಟಿದ್ದ ಎಂಬುದು ಗೌರವದ ಮಾತು.

'ಘರ್ಷಣೆಯ ದೋಷ' ಎಂದು ಬರೆಯುವ ಮುನ್ನ ಹಾಗೆಯೇ ಒಂದು ಪರೀಕ್ಷೆ ಮಾಡಬಹುದು. ಜಾಡಿಲ್ಲದ ಚಪ್ಪಟೆ ಹಲಗೆಯನ್ನು ಅಷ್ಟೇ ಎತ್ತಿ, 40 ಮಿಲಿಮೀಟರ್ ಹೊರವ್ಯಾಸದ ಉಕ್ಕಿನ ರಾಡಿನ ತುಂಡನ್ನೂ, ಅಷ್ಟೇ ಹೊರವ್ಯಾಸ ಮತ್ತು 36 ಮಿಲಿಮೀಟರ್ ಒಳವ್ಯಾಸದ ಪೈಪಿನ ತುಂಡನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೆ ಬಿಡಿ. ಎರಡೂ ಉಕ್ಕೇ, ಹಲಗೆಯೂ ಅದೇ. ಘರ್ಷಣೆಯೇ ಕಾರಣವಾದರೆ ಎರಡೂ ಒಟ್ಟಿಗೆ ಮುಟ್ಟಬೇಕು. ಉರುಳುವಿಕೆಯ ಲೆಕ್ಕದ ಪ್ರಕಾರ 2 ಮೀಟರಿಗೆ ರಾಡು 3.50 ಸೆಕೆಂಡು, ಪೈಪು 3.94 ಸೆಕೆಂಡು. ಭಾರದ ರಾಡು ಗೆದ್ದಿತೆಂದು ಅರಿಸ್ಟಾಟಲನ ಕಡೆಯವರು ಹಿಗ್ಗಿದರೆ, ರಾಡನ್ನು ಗಿಡ್ಡಗೆ ಕೊಯ್ದು ಪೈಪಿಗಿಂತ ಹಗುರ ಮಾಡಿ ಮತ್ತೆ ಬಿಡಿ. ಆಗಲೂ ಮೊದಲು ಕೆಳಗೆ ಮುಟ್ಟುವುದು ರಾಡೇ.