ಜೆರಾಕ್ಸ್‌ನಲ್ಲಿ ನಾನು ಹಾರಿಸಿದ ಪುಟ

ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷ, 2014. ಪ್ರಕಟವಾದ ಒಂದು ಸಂಶೋಧನೆ ತಗೊಂಡು, ಅದು ಎಲ್ಲಿ ಗಟ್ಟಿ, ಎಲ್ಲಿ ಜೊಳ್ಳು ಅಂತ ಸೆಮಿನಾರ್ ಕೊಡಿ ಅಂದರು ನಮ್ಮ ಮೇಷ್ಟ್ರು. ನನ್ನ ಪಾಲಿಗೆ ಬಂದದ್ದು ಮಕ್ಕಳ ಬಡತನ.

ನಾನು ಆರಿಸಿಕೊಂಡದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 'ಯಂಗ್ ಲೈವ್ಸ್' ಅಧ್ಯಯನ. ಇಥಿಯೋಪಿಯಾ, ಪೆರು, ವಿಯೆಟ್ನಾಂ, ಜೊತೆಗೆ ನಮ್ಮ ಪಕ್ಕದ ಅವಿಭಜಿತ ಆಂಧ್ರ. ಒಟ್ಟು ಸುಮಾರು 12 ಸಾವಿರ ಮಕ್ಕಳು. 2002ರಿಂದ ಅದೇ ಮಕ್ಕಳ ಮನೆಗೆ ಕೆಲವು ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿಕೊಂಡು ಬಂದಿದ್ದಾರೆ.

ವಿಮರ್ಶೆ ಅಂದರೆ ಬೈಯೋದು ಅಂತ ತಿಳಿದಿದ್ದ ಕಾಲ ಅದು. ಆಂಧ್ರದಲ್ಲಿ 20 ಜಾಗ ಆರಿಸುವಾಗ ಬಡ ಪ್ರದೇಶಗಳನ್ನೇ ಬೇಕಂತ ಜಾಸ್ತಿ ಹಿಡಿದಿದ್ದರು. ಸಿಕ್ಕಿಬಿದ್ದರು ಅಂದುಕೊಂಡೆ! "ಇದು ಇಡೀ ರಾಜ್ಯದ ಚಿತ್ರ ಅಲ್ಲ, ಆದ್ದರಿಂದ ನಂಬೋ ಹಾಗಿಲ್ಲ" ಅಂತ ಕ್ಲಾಸಲ್ಲಿ ಜೋರಾಗಿ ಹೇಳಿದೆ. ಮೇಷ್ಟ್ರು ನನ್ನ ಜೆರಾಕ್ಸ್ ತಗೊಂಡು ಒಂದು ಪುಟ ತೆರೆದು, "ಓದಪ್ಪಾ" ಅಂದರು. ನಾನು ಹೇಳಿದ್ದನ್ನು ಅಧ್ಯಯನದವರೇ ಅಲ್ಲಿ ಬರೆದುಕೊಂಡಿದ್ದರು. ವಿಧಾನದ ಅಧ್ಯಾಯ ಬೋರು ಅಂತ ನಾನು ಹಾರಿಸಿಬಿಟ್ಟಿದ್ದೆ.

"ರಾಜ್ಯದಲ್ಲಿ ನೂರಕ್ಕೆ ಎಷ್ಟು ಮಕ್ಕಳು ಬಡವರು ಅಂತ ಇದನ್ನಿಟ್ಟುಕೊಂಡು ಹೇಳಿದರೆ ತಪ್ಪು. ಬಡ ಮನೆಯ ಮಗು ಎಂಟನೇ ವಯಸ್ಸಿಗೆ ಹೇಗಿತ್ತು, ಹನ್ನೆರಡಕ್ಕೆ ಏನಾಯ್ತು ಅಂತ ನೋಡೋಕೆ ಇದೇ ಸರಿ" ಅಂದರು. ಆಮೇಲೆ ಒಂದು ಕೆಲಸ ಹಚ್ಚಿದರು. ಯಂಗ್ ಲೈವ್ಸ್‌ನವರ ಪ್ರಶ್ನೆಗಳಲ್ಲಿ ಕೆಲವನ್ನು ಕನ್ನಡಕ್ಕೆ ಮಾಡಿಕೊಂಡು ಮಂಡಕ್ಕಿ ಭಟ್ಟಿ ಕಡೆ ಹತ್ತು ಮನೆಗೆ ಹೋಗಿ ಬಾ ಅಂತ.

ಮಂಡಕ್ಕಿ ತಿಂದೇ ಬೆಳೆದವನು ನಾನು. ಭಟ್ಟಿ ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಬತ್ತದ ಹೊಟ್ಟಿನ ಬೆಂಕಿ, ಕಾದ ಮರಳು, ಕಣ್ಣುರಿಸುವ ಹೊಗೆ. ಪಕ್ಕದ ಮನೆಯಲ್ಲಿ ಒಬ್ಬ ತಾಯಿಯನ್ನು ಕೇಳಿದೆ, "ಅಕ್ಕಾ, ಮಗ ಕೆಲಸ ಮಾಡ್ತಾನಾ?"

"ಕೆಲ್ಸ ಎಲ್ಲೈತಪ್ಪಾ, ಸಾಲಿಗೆ ಹೋಗ್ತಾನೆ. ಸುಮ್ನೆ ಕೈ ಹಚ್ತಾನೆ ಅಷ್ಟೇ."

'ಇಲ್ಲ' ಅಂತ ಟಿಕ್ ಹಾಕಿದೆ. ಅವರು ಸುಳ್ಳು ಹೇಳಲಿಲ್ಲ. ಮನೆಯ ಭಟ್ಟಿಯಲ್ಲಿ ಮಗ ಮಾಡೋದನ್ನು ನಮ್ಮ ಕಡೆ ಯಾರೂ ಕೆಲಸ ಅನ್ನಲ್ಲ, ಅಲ್ವಾ? ಬಾಗಿಲ ಹತ್ತಿರ ಹುಡುಗ ನಿಂತಿದ್ದ. ಹುಬ್ಬಿನ ಮೇಲೆಲ್ಲ ಬೂದಿ.

ಯಂಗ್ ಲೈವ್ಸ್‌ನವರ ಇನ್ನೊಂದು ಪ್ರಶ್ನೆ ನನ್ನ ಹಾಳೆಯಲ್ಲಿತ್ತು. ದಿನದ 24 ಗಂಟೆ ಹೇಗೆ ಹೋಗುತ್ತೆ? ನಿದ್ದೆ ಎಷ್ಟು, ಶಾಲೆ ಎಷ್ಟು, ಮನೆಗೆಲಸ, ಆಟ ಎಷ್ಟು? ಅದನ್ನು ಹುಡುಗನಿಗೇ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದ. ಬೆಳಿಗ್ಗೆ ಐದಕ್ಕೆ ಎದ್ದು ಶಾಲೆ ಬೆಲ್ಲಿನವರೆಗೆ ಹೊಟ್ಟು ಹೊರೋದು, ಸಂಜೆ ಚೀಲ ಕಟ್ಟೋದು. ದಿನಕ್ಕೆ ಐದು ಗಂಟೆ ಆಯ್ತು. ಆಟದ ಸಾಲಿಗೆ ಬಂದಾಗ ನಕ್ಕು ಅಮ್ಮನ ಮುಖ ನೋಡಿದ.

ವಾರದ ಹಿಂದೆ ನಾನು ನಂಬೋ ಹಾಗಿಲ್ಲ ಅಂದ ಅಧ್ಯಯನದ ಪ್ರಶ್ನೆ ಅದು. ನನ್ನ 'ಇಲ್ಲ'ವನ್ನು ಹೊಡೆದುಹಾಕಿ 'ಹೌದು' ಬರೆದುಕೊಂಡು ಬಂದೆ, ಹೆಮ್ಮೆಯಿಂದಲೇ.

ಮೇಷ್ಟ್ರು ಹಾಳೆ ನೋಡಿ, "ಅಮ್ಮ ಹೇಳಿದ್ದನ್ನು ಯಾಕೋ ಅಳಿಸಿದೆ? ಅದೂ ಉತ್ತರಾನೇ. ಪಕ್ಕದಲ್ಲೇ ಇನ್ನೊಂದು ಕಾಲಂ ಎಳಿ" ಅಂದರು. ಸ್ಕೇಲೂ ಅವರೇ ಕೊಟ್ಟರು.