ಹಳೆಯ 800ಕ್ಕೆ ರಿಮೋಟ್ ಲಾಕ್: ಮೂರನೇ ವಾರ

ಹಿಂದಿನ ಎಡಬಾಗಿಲು ಇವತ್ತು ಕೊನೆಗೂ ಮಾತು ಕೇಳಿತು. ನಾಲ್ಕೂ ಲಾಕ್ ಒಟ್ಟಿಗೆ 'ಟಕ್' ಎಂದು ಬಿದ್ದಾಗ ಆದ ಖುಷಿ ಅಷ್ಟಿಷ್ಟಲ್ಲ.

ಕಾರು 2003ರ ಮಾರುತಿ 800. ಬದಿಯಡ್ಕದ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಇದೆ. ಅಮ್ಮನಿಗೆ ಮೊಣಕಾಲು ನೋವು, ಕೂರುವುದು ಹಿಂದಿನ ಸೀಟಿನಲ್ಲೇ. ಆಟಿ ತಿಂಗಳ ಮಳೆಯಲ್ಲಿ ನಾನು ನನ್ನ ಬಾಗಿಲಿಗೆ ಕೀ ಹಾಕಿ, ಒಳಗೆ ಬಗ್ಗಿ, ಹಿಂದಕ್ಕೆ ಕೈ ಚಾಚಿ ಲಾಕ್ ಎತ್ತುವವರೆಗೆ ಅಮ್ಮ ಕೊಡೆ ಹಿಡಿದು ನಿಂತಿರಬೇಕು. ಅದಕ್ಕೇ ಈ ಕೆಲಸ.

ಮಂಗಳೂರಿನಿಂದ ತಂದದ್ದು ನಾಲ್ಕು ಮೋಟಾರಿನ ಕಿಟ್. ಬಾಗಿಲಿಗೊಂದು ಮೋಟಾರು, ಒಳಗಿನ ಲಾಕಿನ ಕಂಬಿಯನ್ನು ಎಳೆದು ತಳ್ಳುವುದು ಅದೇ. ಹಿಂದಿನ ಬಾಗಿಲುಗಳಿಗೆ ಎರಡು ವಯರಿನ ಮೋಟಾರು, ಮುಂದಿನವಕ್ಕೆ ಐದು ವಯರಿನದು. ಐದರಲ್ಲಿ ಎರಡು ಮೋಟಾರಿಗೆ. ಉಳಿದ ಮೂರು ಒಳಗಿನ ಸ್ವಿಚ್ಚಿನವು. ಕೀಯಲ್ಲಿ ಬಾಗಿಲು ತೆರೆದದ್ದನ್ನು ಕಂಟ್ರೋಲ್ ಬಾಕ್ಸಿಗೆ, ಅಂದರೆ ರಿಮೋಟಿನ ಮಾತು ಕೇಳಿ ಮೋಟಾರು ಓಡಿಸುವ ಡಬ್ಬಿಗೆ, ತಿಳಿಸುವುದು ಇವೇ. ಹಾಗಾಗಿ ರಿಮೋಟಿನ ಸೆಲ್ ಮುಗಿದರೂ ಡ್ರೈವರ್ ಬಾಗಿಲಿಗೆ ಕೀ ಹಾಕಿ ತಿರುಗಿಸಿದರೆ ನಾಲ್ಕೂ ತೆರೆಯುತ್ತವೆ.

ಮೊದಲ ವಾರ ಬ್ಯಾಟರಿಯ ಮೈನಸ್ ಬಿಚ್ಚಿ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹಲಗೆ) ತೆಗೆದೆ. ಗ್ಲಾಸ್ ಏರಿಸುವ ಹ್ಯಾಂಡಲಿನ ಹಿಂದೆ ಕುದುರೆ ಲಾಳದಂಥ ಸಣ್ಣ ಕ್ಲಿಪ್ ಇರುತ್ತದೆ. ಹಳೆ ಬಟ್ಟೆ ಸಿಕ್ಕಿಸಿ ಅತ್ತಿತ್ತ ಎಳೆದರೆ ಚಿಮ್ಮಿ ಬರುತ್ತದೆ. ಅಂಗಳಕ್ಕೆ ಬಿದ್ದರೆ ಮತ್ತೆ ಸಿಗುವುದು ಕಷ್ಟ, ಕೆಳಗೆ ಒಂದು ಬೈರಾಸು ಹಾಸಿಕೊಳ್ಳಿ. ಬಾಗಿಲಿನಿಂದ ಕಾರಿನೊಳಕ್ಕೆ ವಯರ್ ದಾಟಿಸಲು ನನ್ನ ಕಾರಿನಲ್ಲಿ ತೂತು ಇರಲಿಲ್ಲ, ಕೊರೆದೆ. ಕೊರೆದ ಅಂಚಿಗೆ ಬಣ್ಣ ಹಚ್ಚಿ, ಆಮೇಲೆ ತಗಡಿನ ಅಂಚು ವಯರ್ ಕೊಯ್ಯದಂತೆ ರಬ್ಬರ್ ಗ್ರಾಮೆಟ್ (ತೂತಿನ ಬಳೆ) ಹಾಕಿದೆ. ನಮ್ಮ ಕಡೆಯ ಮಳೆಗೆ ಬರೀ ತಗಡು ಬಿಟ್ಟರೆ ತುಕ್ಕು ಹಿಡಿಯದೆ ಇರುತ್ತದಾ?

ಎರಡನೇ ವಾರ ಕರೆಂಟ್. ಕೀ ತೆಗೆದ ಮೇಲೂ ರಿಮೋಟ್ ಕೆಲಸ ಮಾಡಬೇಕಲ್ವಾ, ಅದಕ್ಕೆ ಬ್ಯಾಟರಿಯಿಂದಲೇ ನೇರ ಲೈನ್, ನಡುವೆ 15 ಆಂಪ್ ಫ್ಯೂಸ್. ಬಟನ್ ಒತ್ತಿದರೆ ಮೂರು ಲಾಕ್ ಆಗಿ ಒಂದು ತೆರೆಯಿತು! ಆ ಮೋಟಾರಿನ ಎರಡು ವಯರ್ ಅದಲುಬದಲು ಮಾಡಿದೆ, ಸರಿಯಾಯಿತು. ಪ್ಲಸ್ ಮೈನಸ್ ತಿರುಗಿದರೆ ಮೋಟಾರಿನ ದಿಕ್ಕೂ ತಿರುಗುತ್ತದೆ, ಅಷ್ಟೇ.

ನಿಜವಾದ ತಲೆನೋವು ಹಿಂದಿನ ಎಡಬಾಗಿಲು. ಲಾಕ್ ಆಗುತ್ತಿತ್ತು, ತೆರೆಯುವಾಗ ಅರ್ಧಕ್ಕೇ ನಿಲ್ಲುತ್ತಿತ್ತು. ಮೋಟಾರು ಸರಿಯಿಲ್ಲ ಅಂದುಕೊಂಡು ಬಲಬಾಗಿಲಿನದನ್ನು ತಂದು ಹಾಕಿದೆ. ಅದೂ ಹಾಗೇ. ಸಂಜೆ ಪಕ್ಕದ ಮನೆಯ ಭಾವ ಬಂದವರು ಸ್ವಲ್ಪ ಹೊತ್ತು ನೋಡಿ, "ಮೋಟಾರು ಬಿಚ್ಚು ಮಾರಾಯ. ಬರೀ ಕೈಯಲ್ಲಿ ಲಾಕ್ ಎತ್ತಿ ನೋಡು" ಎಂದರು. ಎತ್ತಿದೆ. ಎರಡು ಬೆರಳಿಗೆ ಬಗ್ಗಲಿಲ್ಲ! ಒಳಗೆ ಟಾರ್ಚ್ ಬಿಟ್ಟರೆ ಹಳೆ ಗ್ರೀಸ್ ಧೂಳು ಸೇರಿ ಹಲಸಿನ ಮೇಣದ ಹಾಗೆ ಕಂಬಿಗೆ ಅಂಟಿತ್ತು. ಚಿಮಿಣಿ ಎಣ್ಣೆಯಲ್ಲಿ ಹಳೆ ಟೂತ್‌ಬ್ರಷ್ ಅದ್ದಿ ತಿಕ್ಕಿದೆ, ಹೊಸ ಗ್ರೀಸ್ ಹಚ್ಚಿದೆ. ಮೋಟಾರು ಎಳೆಯುವುದೇ ಸುಮಾರು 2 ಸೆಂಟಿಮೀಟರ್. ಅಷ್ಟರೊಳಗೆ ಕಂಬಿ ಎಲ್ಲೂ ತಡೆಯಬಾರದು. ಕಿಟ್ ಬಿಚ್ಚುವ ಮೊದಲೇ ನಾಲ್ಕೂ ಲಾಕ್ ಕ್ಲೀನ್ ಮಾಡಿದ್ದರೆ ಸುಮ್ನೆ ಒಂದು ಭಾನುವಾರ ಹೋಗುತ್ತಿರಲಿಲ್ಲ.

ಮೋಟಾರನ್ನೂ ಅರ್ಧ ಇಂಚು ಕೆಳಗಿಳಿಸಿ, ಅದರ ಕಂಬಿ ಲಾಕಿನ ಕಂಬಿಗೆ ಸಮವಾಗಿ ಬರುವಂತೆ ಕೂರಿಸಿದೆ. ಓರೆಯಾದರೆ ಅರ್ಧ ಬಲ ಅಲ್ಲೇ ಹೋಗುತ್ತದೆ. ಆಮೇಲೆ ಗ್ಲಾಸ್ ಪೂರ್ತಿ ಇಳಿಸಿ, ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಟ್ರಯಲ್ ನೋಡುವಾಗ ಡ್ರೈವರ್ ಬದಿಯ ಗ್ಲಾಸ್ ಇಳಿಸಿಯೇ ಇರಲಿ, ಸ್ಪೇರ್ ಕೀ ಜೇಬಿನಲ್ಲಿರಲಿ.

ಗ್ಲಾಸ್ ಮೇಲೆ ಬಿದ್ದ ನೀರು ಬಾಗಿಲಿನ ಒಳಗಿಳಿದು ತಳದ ತೂತಿನಿಂದ ಹೊರಹೋಗುತ್ತದೆ. ಅದಕ್ಕೆ ವಯರಿನ ಜಾಯಿಂಟ್ ಎಲ್ಲಾ ಮೇಲೆ ಕಟ್ಟಿದ್ದೇನೆ. ಡೋರ್ ಪ್ಯಾಡಿನ ಹಿಂದೆ ನೀರು ತಡೆಯುವ ಹಳೆ ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಹೊಸದು ಕತ್ತರಿಸಿ ಅಂಟಿಸಿದೆ.

ಇಂಡಿಕೇಟರ್ ಮಿನುಗಿಸುವ ಎರಡು ವಯರ್ ಇನ್ನೂ ಬಾಕಿ. ಮುಂದಿನ ಭಾನುವಾರ ಅದು.