ನಮ್ಮವರ ಮಾನ ಯಾಕ ಕಳೀತಿ?

ಬೀದರಿನ ಚೌಬಾರಾ ಹತ್ತಿರದ ಚಾ ಅಂಗಡಿಯಲ್ಲಿ ಗೆಳೆಯರು ನಗುತ್ತ ಕೇಳುತ್ತಾರೆ. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಹಿರಿಯರೊಬ್ಬರು ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ. ಮಾತು ಮಾತ್ರ ಒಂದೇ: “ನೀ ಪ್ರಾರ್ಥನಾಕ್ಕ ಬರಾಂವ, ಬೈಬಲ್ ಓದಾಂವ. ಪಾಸ್ಟರ್ ಕಳ್ಳ, ಕಮಿಟಿ ಕಳ್ಳ ಅಂತ ಥ್ರಿಲ್ಲರ್ ಬರ್ದು ನಮ್ಮವರ ಮಾನ ಯಾಕ ಕಳೀತಿ?”

ಇಷ್ಟು ದಿನ ಏನೋ ಒಂದು ಹೇಳಿ ಜಾರಿಕೊಂಡೆ. ಇವತ್ತು ಕೂತು ಹೇಳುತ್ತೇನೆ.

ನಾನು ತಹಸೀಲ್ ಕಚೇರಿ ಮುಂದೆ ಅರ್ಜಿ ಟೈಪ್ ಮಾಡಿ ಬದುಕುವವನು. ಕತೆ ಬರೆಯುವುದು ರಾತ್ರಿ, ಅಂಗಡಿ ಶಟರ್ ಎಳೆದ ಮೇಲೆ. ದಿನಕ್ಕೆ ಹತ್ತಾರು ಪಹಣಿ ಕೈಮೇಲೆ ಹಾದುಹೋಗುತ್ತವೆ. ಕಾಲಂ 9ರಲ್ಲಿ ಮಾಲೀಕ, 11ರಲ್ಲಿ ಸಾಲ-ತಕರಾರು, 12ರಲ್ಲಿ ಉಳುವವ. ನನ್ನ ಮೊದಲ ಕಾದಂಬರಿ ಶುರುವಾಗಿದ್ದೇ ಕಾಲಂ 9ರಿಂದ: ಒಂದು ಚರ್ಚಿನ ಸಭೆಗೆ ಸೇರಿದ ಎರಡೆಕರೆಯ ಮುಂದೆ ಒಂದು ಬೆಳಿಗ್ಗೆ ಬೇರೆ ಯಾರದೋ ಹೆಸರು ಕೂತಿರುತ್ತದೆ. ಹಳೆಯ ಕಾಗದವೇನೋ ಇದೆ. ಆದರೆ ಬೀದರ 1948ರ ತನಕ ನಿಜಾಮರ ಸೀಮೆ, ಕಾಗದ ಉರ್ದುವಿನಲ್ಲಿದೆ. ಸಭೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಓದಬಲ್ಲ ಒಬ್ಬ ಮುದುಕ ಮುಸ್ಲಿಂ ಗುಮಾಸ್ತ ಓಲ್ಡ್ ಸಿಟಿಯಲ್ಲಿದ್ದಾನೆ, ಅವನಿಗೆ ಕಣ್ಣು ಮಂಜಾಗುತ್ತಿದೆ. ಅಷ್ಟಿದ್ದರೆ ಸಾಕು, ಕತೆ ತಾನೇ ಓಡುತ್ತದೆ.

ಆದರೆ ಈ ಹುಚ್ಚಿಗೆ ಬೀಜ ಬಿದ್ದದ್ದು ಪಹಣಿಯಿಂದಲ್ಲ, ಒಂದು ಕುಂಬಳಕಾಯಿಯಿಂದ.

ನನಗಾಗ ಒಂಬತ್ತು ವರ್ಷ. ತೊಗರಿ ರಾಶಿ ಮುಗಿದು ಸಭೆಯಲ್ಲಿ ಸುಗ್ಗಿ ಹಬ್ಬ. ಜನ ತಂದ ಕೋಳಿ, ಜೋಳದ ಚೀಲ, ಸೋರೆಕಾಯಿ ಎಲ್ಲ ಹರಾಜಿಗಿಟ್ಟಿದ್ದರು. ಒಂದೇ ಕುಂಬಳಕಾಯಿ ನಾಲ್ಕು ಸಲ ಹರಾಜಾಯಿತು. ಕೊಂಡವರು ಮತ್ತೆ ದೇವರಿಗೇ ಕೊಡುತ್ತಿದ್ದರು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ದುಡ್ಡು ಸೋರುವ ಮಾಳಿಗೆಗೆ ಅಂತ ಹೇಳಿದ್ದರು. ಮುಂದಿನ ಭಾನುವಾರ ಲೆಕ್ಕ ಓದಿದಾಗ 2,100 ರೂಪಾಯಿ. ಅಪ್ಪನ ನೋಟ್‌ಬುಕ್ಕಿನಲ್ಲಿ 3,460. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ‘ಕೋಳಿ ಹುಂಜ – 45, ಕುಂಬಳ – 30, ಕುಂಬಳ – 38’ ಅಂತ ಸಾಲಾಗಿ ಬರೆದಿದೆ. ಹರಾಜಿನ ಅಷ್ಟು ಗದ್ದಲದಲ್ಲೂ ಒಂದು ಕಾಟು ಇಲ್ಲ, ಗೀಚಿಲ್ಲ. ಅಪ್ಪ ಎದ್ದು ನಿಂತು, “ಉಳಿದದ್ದು ಎಲ್ಲಿ ಹೋಯ್ತ್ರೀ?” ಅಂದ. ಅಷ್ಟೇ ಅಂದದ್ದು.

ತಿಂಗಳ ಮೊದಲ ಭಾನುವಾರ ಪ್ರಭು ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ಆಚರಣೆ. ಕಟಕಟೆ ಮುಂದೆ ಸಾಲಾಗಿ ಮೊಣಕಾಲೂರಿದ್ದರು. ನಾನು ಹಿಂದೆ ಜಮಖಾನದ ಮೇಲೆ ಕೂತಿದ್ದೆ. ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಎಡದಿಂದ ಬಂದರು. ಅಪ್ಪನ ಮುಂದೆ ಬಂದಾಗ ಹೆಜ್ಜೆ ನಿಲ್ಲಿಸಲಿಲ್ಲ, ಮುಂದಿನವರ ಅಂಗೈಯಲ್ಲಿ ತುಣುಕು ಇಟ್ಟರು. ಅಪ್ಪ ಜೋಡಿಸಿದ ಅಂಗೈ ಹಾಗೇ ಹಿಡಿದಿದ್ದ. ಸಾಲು ಎದ್ದಿತು, ಇನ್ನೊಂದು ಸಾಲು ಬಂತು. ಅವನ ಅಂಗೈ ಮಾತ್ರ ಕೆಳಗಿಳಿಯಲಿಲ್ಲ. ಕೊನೆಗೆ ಯಾರೋ ರಟ್ಟೆ ಹಿಡಿದು ಎಬ್ಬಿಸಿದರು.

ಆ ಮಳೆಗಾಲದಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ನೋಡಲು ಬಂದವರು ಮೋಸಂಬಿ ಇಟ್ಟು, “ದೇವರ ಸೇವಕರ ಎದುರಿಗೆ ಬಾಯಿ ಬಿಡಬಾರ್ದಿತ್ತು ನೋಡ್ರಿ” ಅಂದು ಹೋದರು. ಕೆಟ್ಟವರೇನಲ್ಲ, ಹೆದರಿದವರು. ದುಡ್ಡು ಹೋದದ್ದಕ್ಕೆ ಭ್ರಷ್ಟಾಚಾರ ಅಂತ ಹೆಸರಿದೆ. ಕಾಯಿಲೆ ಬಿದ್ದವನ ಹಾಸಿಗೆ ಪಕ್ಕ ಕೂತು ದೇವರನ್ನೇ ಅವನ ಮೇಲೆ ಛೂ ಬಿಡುವುದಕ್ಕೆ ಏನೆನ್ನಬೇಕು? ಈಗಿನವರು ಆತ್ಮಿಕ ದೌರ್ಜನ್ಯ ಅನ್ನುತ್ತಾರೆ. ನಮ್ಮ ಅಜ್ಜಿ ‘ದೇವರ ಹೆಸರಿಲೆ ಕಟ್ಟಿ ಹಾಕೋದು’ ಅನ್ನುತ್ತಿದ್ದಳು. ನನಗೆ ಅಜ್ಜಿಯ ಮಾತೇ ಸರಿ ಅನ್ನಿಸುತ್ತದೆ.

ಇದು ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಗೊತ್ತು. ಒಬ್ಬಾಕೆ ಮಂಗಳವಾರ ಪಾಸ್ಟರಮ್ಮನ ಹತ್ತಿರ ಅತ್ತು, ಗಂಡನಿಗೆ ಗೊತ್ತಿಲ್ಲದೆ ಸಂಘದಲ್ಲಿ ಸಾಲ ಎತ್ತಿದ್ದೇನೆ, ಪ್ರಾರ್ಥನೆ ಮಾಡಿರಿ ಅನ್ನುತ್ತಾಳೆ. ಭಾನುವಾರ ವೇದಿಕೆಯಿಂದ, ಕಣ್ಣು ಮುಚ್ಚಿಕೊಂಡೇ, “ಇಲ್ಲಿ ಒಬ್ಬ ಸಹೋದರಿ ಮನೆಯವರಿಗೆ ಮುಚ್ಚಿಟ್ಟು ಸಾಲ ಮಾಡ್ಯಾಳ ಅಂತ ದೇವರು ನನಗ ತೋರಿಸ್ಲಾಕತ್ತಾನ” ಅಂತ ಬರುತ್ತದೆ. ಜನಕ್ಕೆ ಪ್ರವಾದನೆ ಕೇಳಿ ರೋಮಾಂಚನ. ಆಕೆಯ ಬೆನ್ನಿಗೆ ತಣ್ಣೀರು. ಇದಕ್ಕಿಂತ ಭಯಾನಕ ದೃಶ್ಯ ಯಾವ ಪತ್ತೇದಾರಿ ಕತೆಯಲ್ಲಿದೆ ಹೇಳಿ. ನನ್ನ ಇನ್ನೊಂದು ಕತೆಯಲ್ಲಿ ಫಿಟ್ಸ್ ಇರುವ ಹುಡುಗನಿಗೆ ‘ನಂಬಿಕೆ ಇದ್ದರ ಗುಳಿಗಿ ಯಾಕ?’ ಅಂದುಬಿಡುತ್ತಾರೆ. ಫಿಟ್ಸಿನ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಎರವಾಗಬಹುದು. ಅಲ್ಲಿ ಬಾಂಬು, ಗಡಿಯಾರ ಏನೂ ಬೇಕಾಗಲಿಲ್ಲ. ಹತ್ತು ಗುಳಿಗೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ತಾಯಿ ಪ್ರತಿ ರಾತ್ರಿ ಮುಟ್ಟಿ ನೋಡುತ್ತಾಳೆ. ಅಷ್ಟೂ ಹಾಗೇ ಇರುತ್ತವೆ.

“ಅಭಿಷಿಕ್ತರನ್ನ ಮುಟ್ಟಬ್ಯಾಡ್ರಿ ಅಂತ ವಾಕ್ಯ ಅದಲ್ಲ?” ಅನ್ನುತ್ತಾರೆ. ಅಭಿಷಿಕ್ತರು ಅಂದರೆ ದೇವರು ಆರಿಸಿಕೊಂಡವರು, ಪಾಸ್ಟರೂ ಅದರಲ್ಲಿ ಬಂದರು ಅಂತ ಅವರ ಲೆಕ್ಕ. ವಾಕ್ಯ ಇದೆ, 105ನೇ ಕೀರ್ತನೆಯಲ್ಲಿ. ಐದಾರು ಸಾಲು ಹಿಂದಿನಿಂದ ಓದಿಕೊಂಡು ಬನ್ನಿ. ಅದು ಅಬ್ರಹಾಮ, ಇಸಾಕ, ಯಾಕೋಬರ ವಿಷಯ. ಬೆರಳೆಣಿಕೆಯ ಮಂದಿ, ಪರದೇಶಿಗಳು, ಊರೂರು ಅಲೆಯುವವರು. ಅವರ ತಂಟೆಗೆ ಹೋಗಬೇಡಿ ಅಂತ ದೇವರು ಅರಸರನ್ನು ಗದರಿಸಿದ ಮಾತು. ಅಲೆಮಾರಿಗೆ ಕೊಟ್ಟ ಕೊಡೆಯನ್ನು ಅರಸ ಕಸಿದುಕೊಂಡರೆ ಹೇಗೆ? ದಾವೀದನ ಉದಾಹರಣೆಯನ್ನೂ ಕೊಡುತ್ತಾರೆ, ತನ್ನನ್ನು ಕೊಲ್ಲಲು ಬೆನ್ನಟ್ಟಿದ ಅಭಿಷಿಕ್ತ ಅರಸ ಸೌಲನ ಮೇಲೆ ಕೈ ಮಾಡಲಿಲ್ಲ ಅಂತ. ಕೈ ಮಾಡಲಿಲ್ಲ, ನಿಜ. ಆದರೆ ಗವಿಯಲ್ಲಿ ಸೌಲನ ನಿಲುವಂಗಿಯ ಅಂಚು ಕತ್ತರಿಸಿಕೊಂಡು, ಹೊರಗೆ ಬಂದು ಅದನ್ನೇ ತೋರಿಸಿ, ಮೂರು ಸಾವಿರ ಸೈನಿಕರನ್ನು ಕಟ್ಟಿಕೊಂಡು ಬಂದವನನ್ನು ಎಲ್ಲರಿಗೂ ಕೇಳುವಂತೆ ಪ್ರಶ್ನಿಸಿದ. ಸಾಕ್ಷಿ ಕೈಯಲ್ಲಿತ್ತು, ಬಾಯಿ ತೆರೆದಿತ್ತು. ನಮ್ಮಪ್ಪನ ಕೈಯಲ್ಲಿದ್ದದ್ದು ನೋಟ್‌ಬುಕ್, ಅಷ್ಟೇ ವ್ಯತ್ಯಾಸ.

ಥ್ರಿಲ್ಲರ್ ಅನ್ನುವುದು ಲೋಕದ ವಸ್ತು, ಭಕ್ತಿಗೆ ಸಲ್ಲದು ಅನ್ನುವವರಿಗೂ ಒಂದು ಮಾತು. ಕಲಬುರಗಿಯ ಕಥೋಲಿಕ ಗೆಳೆಯನೊಬ್ಬ ತನ್ನ ಬೈಬಲ್ ತೆಗೆದು ದಾನಿಯೇಲನ ಗ್ರಂಥದ 13, 14ನೇ ಅಧ್ಯಾಯ ತೋರಿಸಿದ. ನಮ್ಮ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ದಾನಿಯೇಲ 12ಕ್ಕೇ ಮುಗಿಯುತ್ತಾನೆ, ಹಾಗಾಗಿ ನಾನು ಓದಿಯೇ ಇರಲಿಲ್ಲ. ಬಾಬಿಲೋನಿನಲ್ಲಿ ಬೇಲ್ ಎಂಬ ವಿಗ್ರಹ. ದಿನಾ ನಲವತ್ತು ಕುರಿ, ರಾಶಿ ಹಿಟ್ಟು, ದ್ರಾಕ್ಷಾರಸ ನೈವೇದ್ಯ. ಬೆಳಗಾದರೆ ಎಲ್ಲ ಖಾಲಿ, ದೇವರೇ ಉಂಡನೆಂದು ಅರಸ ನಂಬಿದ್ದ. ದಾನಿಯೇಲ ವಾದ ಮಾಡುವುದಿಲ್ಲ. ಗುಡಿಯ ನೆಲದ ತುಂಬ ಬೂದಿ ಉದುರಿಸಿ, ಬಾಗಿಲಿಗೆ ಅರಸನ ಮುದ್ರೆ ಹಾಕಿಸುತ್ತಾನೆ. ಬೆಳಿಗ್ಗೆ ಮುದ್ರೆ ಒಡೆದಿಲ್ಲ, ನೈವೇದ್ಯ ಇಲ್ಲ. ನೆಲ ನೋಡಿದರೆ ಬೂದಿಯ ಮೇಲೆ ಗಂಡಸರ, ಹೆಂಗಸರ, ಮಕ್ಕಳ ಹೆಜ್ಜೆ. ಎಪ್ಪತ್ತು ಪೂಜಾರಿಗಳು ಮನೆಮಂದಿ ಸಮೇತ ಮೇಜಿನ ಕೆಳಗಿನ ಗುಪ್ತ ದಾರಿಯಿಂದ ಬಂದು ಉಣ್ಣುತ್ತಿದ್ದರು. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಸೂಸನ್ನಳ ಮೇಲೆ ಕಣ್ಣು ಹಾಕಿ, ಒಪ್ಪದಿದ್ದಾಗ ಅಪವಾದ ಹೊರಿಸಿದ ಇಬ್ಬರು ಹಿರಿಯರನ್ನು ಬೇರೆ ಬೇರೆ ನಿಲ್ಲಿಸಿ, “ಯಾವ ಮರದ ಕೆಳಗೆ ಕಂಡಿರಿ?” ಅಂತ ಕೇಳುತ್ತಾನೆ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಮತ್ತೊಂದು. ನನ್ನ ಅಂಗಡಿ ಮುಂದಿನ ಪೇದೆಗೆ ಈ ಕತೆ ಹೇಳಿದೆ. “ನಾವೂ ಹಿಂಗೇ ಮಾಡ್ತೀವಲ್ಲ” ಅಂದ.

ಆದರೂ ನನ್ನ ಕತೆಗಳಲ್ಲಿ ಗುಪ್ತ ದಾರಿ ಇಲ್ಲ. ನಮ್ಮೂರುಗಳಲ್ಲಿ ಕಳ್ಳ ಯಾರೆಂದು ಪತ್ತೆ ಹಚ್ಚುವುದು ಬಾಕಿ ಇರುವುದೇ ಇಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮೊದಲು ಬಾಯಿ ಬಿಡುವವರು ಯಾರು, ಬಿಟ್ಟ ಮೇಲೆ ಅವರ ಪಕ್ಕ ಯಾರು ಬಂದು ಕೂರುತ್ತಾರೆ, ಕುತೂಹಲವೆಲ್ಲ ಅಲ್ಲೇ. ಸಸ್ಪೆನ್ಸ್ ಬಿಟ್ಟು ಬೇರೆ ಪ್ರಕಾರದಲ್ಲಿ ಇದನ್ನು ಹೇಳಲು ನನಗೆ ಬರಲಿಲ್ಲ.

ಹೊರಗಿನವರು ನಗುತ್ತಾರೆ ಅನ್ನುವ ಅಂಜಿಕೆ ಸುಳ್ಳಲ್ಲ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ಮನೆ ಪ್ರಾರ್ಥನೆಗೂ ಬಾಗಿಲ ಕಡೆ ನೋಡುತ್ತ ಕೂತವರು ನಾವು. ಆದರೆ ಆ ಅಂಜಿಕೆಯ ಬೀಗದ ಕೈ ಯಾರ ಜೇಬಿನಲ್ಲಿದೆ ನೋಡಿ. “ಹೊರಗ ವೈರಿಗಳು ಅದಾರ, ಮನೀ ಮಾತು ಮನ್ಯಾಗೇ ಇರ್ಲಿ” ಅಂತ ಮೊದಲು ಹೇಳುವವನು ಲೆಕ್ಕ ಕೊಡಬೇಕಾದವನೇ. ಫ್ರಾನ್ಸಿನ ಕಥೋಲಿಕ ಬಿಷಪ್ಪರು ತಾವೇ ಒಂದು ಸ್ವತಂತ್ರ ಆಯೋಗ ಮಾಡಿಸಿದರು. 1950ರಿಂದೀಚೆಗೆ ಪಾದ್ರಿಗಳು, ಸನ್ಯಾಸಿಗಳಿಂದಲೇ ಸುಮಾರು 2,16,000 ಮಕ್ಕಳು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾರೆಂದು 2021ರಲ್ಲಿ ಅದು ಅಂದಾಜು ಮಾಡಿತು. ಮನೆ ಮಾತು ಮನೆಯಲ್ಲಿಟ್ಟ ಲೆಕ್ಕ ಅದು. ನಮ್ಮಲ್ಲೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದರೆ ಅದೂ ಅಪರಾಧ. ನನ್ನ ಎರಡನೇ ಕಾದಂಬರಿಯ ಸಂಡೇ ಸ್ಕೂಲ್ ಟೀಚರು ‘ಒಳಗೇ ಬಗೆಹರಿಸೋಣ’ ಅಂದು ಸಿಕ್ಕಿಬೀಳುವುದು ಹೀಗೇ. ಆಕೆ ಒಳ್ಳೆಯ ಹೆಂಗಸು, ಬರೆಯುವಾಗ ನನಗೇ ಹೊಟ್ಟೆ ಉರಿಯಿತು.

ಒಂದು ತಮಾಷೆ ಹೇಳಿಬಿಡುತ್ತೇನೆ. ಆ ಕಾದಂಬರಿ ಓದಿ ಭಾಲ್ಕಿಯಿಂದ ಒಬ್ಬರು, “ನಮ್ಮ ಸಭಾದ್ದೇ ಬರ್ದೀರಲ್ಲ, ಯಾರ್ ಹೇಳಿದ್ರು?” ಅಂದರು. ಆಮೇಲೆ ಹುಮನಾಬಾದಿನಿಂದ, ಯಾದಗಿರಿಯಿಂದಲೂ ಅದೇ ಪ್ರಶ್ನೆ. ನಾನು ಆ ಊರುಗಳ ಬಸ್ ಸ್ಟ್ಯಾಂಡ್ ಬಿಟ್ಟು ಬೇರೇನೂ ನೋಡಿದವನಲ್ಲ.

ಈಗ ಬರೆಯುತ್ತಿರುವುದರ ಮೂರನೇ ಅಧ್ಯಾಯದಲ್ಲಿ ಅಪ್ಪನ ಆ ಹರಾಜಿನ ಲೆಕ್ಕ ಬರುತ್ತದೆ. ಅಪ್ಪ ತೀರಿಹೋಗಿ ವರ್ಷಗಳಾದವು. ಅವ್ವನಿಗೆ ಓದಲು ಬಾರದು, ಹೋದ ತಿಂಗಳು ನಾನೇ ಓದಿ ಹೇಳಿದೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೇಳುತ್ತಿದ್ದಳು. ನೋಟ್‌ಬುಕ್ಕಿನ ಭಾಗಕ್ಕೆ ಬಂದಾಗ ಕೈ ನಿಂತಿತು.

“ನಿಮ್ಮಪ್ಪ ಎಲ್ಲಿ ಎಣಿಸಿದ್ರು? ಅವರು ಹೊರಗ ಚೀಲ ಹೊರ್ಲಾಕ ನಿಂತಿದ್ರು. ಯಾವ್ದು ಎಷ್ಟಕ್ಕ ಹೋಯ್ತಂತ ನೆನಪಿಟ್ಟಾಕಿ ನಾ. ರಾತ್ರಿ ನಾ ಹೇಳ್ದೆ, ಅವರು ಬರ್ಕೊಂಡ್ರು. ಕೇಳ್ರಿ ಅಂತ ಎಬ್ಬಿಸಿದಾಕೀನೂ ನಾನೇ.”

ಕಾಟು ಇಲ್ಲದ ಆ ಸಾಲುಗಳು ಕಣ್ಣಮುಂದೆ ಬಂದವು. ಇಷ್ಟು ವರ್ಷ ಅಪ್ಪನ ಹೆಸರಲ್ಲಿ ಹೇಳಿಕೊಂಡು ತಿರುಗಿದೆ, ಯಾಕೆ ಹೇಳಲಿಲ್ಲ ಅಂದೆ.

“ಯಾರ್ ಕೇಳಿದ್ರು?” ಅಂದಳು ಅವ್ವ. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಒಗೆದಳು.

ಮೂರನೇ ಅಧ್ಯಾಯ ಮತ್ತೆ ಮೊದಲಿಂದ ಬರೆಯುತ್ತಿದ್ದೇನೆ.